ಹೊಸ ಚೀಲದ ಮಣ್ಣು

ಇದು ನಡೆದ ವರ್ಷ ನಾನು ಜಮಖಂಡಿ ಸೀಮೆಯ ಒಂದು ಕೃಷಿ ಕಾಲೇಜಿನಲ್ಲಿ ಮಣ್ಣು ವಿಜ್ಞಾನದ ಪ್ರಾಧ್ಯಾಪಕನಾಗಿದ್ದೆ. ಕಾಲೇಜಿನ ಮಣ್ಣು ಪರೀಕ್ಷಾ ಪ್ರಯೋಗಾಲಯದ ಉಸ್ತುವಾರಿಯೂ ನನ್ನದೇ ಆಗಿತ್ತು. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಕೆಲವರು ಅಚ್ಚಿನಲ್ಲಿ ತಮ್ಮ ಸುದ್ದಿ ಬಂತೆಂದು ಹಿಗ್ಗಿಯಾರು, ಅಷ್ಟು ಉಪಕಾರ ಮಾಡುವ ಮನಸ್ಸು ನನಗಿಲ್ಲ. ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿತ್ತು. ರನ್ನ ಬೆಳಗಲಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ನಾನು, ಆ ಮಾತನ್ನು ಪ್ರತಿ ಭಾಷಣದಲ್ಲೂ ಎರಡು ಸಲ ಹೇಳುತ್ತಿದ್ದೆ. ಹೊಲಕ್ಕೆ ಕಾಲಿಟ್ಟು ಎಷ್ಟು ವರ್ಷವಾಯಿತೆಂಬುದನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮೊದಲ ವರ್ಷದವರಿಗೆ ನಾನು ಕಲಿಸುತ್ತಿದ್ದುದು ಮಣ್ಣು ವಿಜ್ಞಾನದ ಪರಿಚಯ. ಮಣ್ಣು ಎಂದರೇನು ಎಂದು ಕೇಳಿದರೆ ಐದು ಸಾಲಿನ ವ್ಯಾಖ್ಯೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವ ಮಕ್ಕಳು. ಕೈಗೊಂದು ಹೆಂಟೆ ಕೊಟ್ಟರೆ ಇದನ್ನು ಎಲ್ಲಿಡಬೇಕು ಎಂದು ಸುತ್ತಮುತ್ತ ನೋಡುತ್ತಿದ್ದರು. ಮೂರು ವರ್ಷ ಹಿಂದೆ ಅಂಥವರಲ್ಲೆಲ್ಲ ಮುಂದಿದ್ದವನು ಸಂದೀಪ. ಚಿನ್ನದ ಪದಕ ಅವನಿಗೇ ಎಂದು ಮೊದಲ ಸೆಮಿಸ್ಟರಿನಲ್ಲೇ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಮಣ್ಣಿನ ಮಾದರಿ ತೆಗೆಯುವಾಗ ವಹಿಸಬೇಕಾದ ಎಚ್ಚರಿಕೆಗಳು ಯಾವುವು ಎಂಬ ಪ್ರಶ್ನೆಗೆ ಅವನು ಬರೆದ ಉತ್ತರ ಇಂದಿಗೂ ನನಗೆ ಬಾಯಿಪಾಠ. ಬದುವಿನ ಹತ್ತಿರ ತೆಗೆಯಬಾರದು, ತಿಪ್ಪೆಯ ಹತ್ತಿರ ತೆಗೆಯಬಾರದು, ಗೊಬ್ಬರದ ಚೀಲದಲ್ಲಿ ಒಣಗಿಸಬಾರದು, ತುಂಬಬಾರದು. ಹತ್ತಕ್ಕೆ ಹತ್ತು ಕೊಟ್ಟೆ. ಉಳಿದವರಿಗೆ ನಾಚಿಕೆಯಾಗಲಿ ಎಂದು ತರಗತಿಯಲ್ಲಿ ಅದನ್ನು ಓದಿಯೂ ತೋರಿಸಿದೆ.

ಅದೇ ಸಂದೀಪ ಕೊನೆಯ ವರ್ಷಕ್ಕೆ ಬಂದಾಗ ಹಳ್ಳಿವಾಸಕ್ಕೆ ಹೋಗುವ ಸರದಿ ಬಂತು. ಅಂತಿಮ ವರ್ಷದ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡಬೇಕು ಎಂಬುದು ನಿಯಮ. ನಿಜದಲ್ಲಿ ನಡೆಯುವುದು ಬೇರೆ. ಗೋಡೆಗಳ ಮೇಲೆ ಘೋಷಣೆ ಬರೆಯುವುದು, ಟೋಪಿ ಹಾಕಿಕೊಂಡು ಜಾಥಾ ಮಾಡುವುದು, ಗುದ್ದಲಿ ಹಿಡಿದು ಫೋಟೋ ತೆಗೆಸಿಕೊಂಡು ಗುದ್ದಲಿಯನ್ನು ಅದರ ಯಜಮಾನನಿಗೇ ವಾಪಸು ಕೊಡುವುದು. ಸಂದೀಪನ ತಂಡ ಬನಹಟ್ಟಿ ಹತ್ತಿರದ ಚಿಮ್ಮಡಕ್ಕೆ ಹೋಯಿತು. ತಲೆಗೆ ಹತ್ತು ಮಣ್ಣಿನ ಮಾದರಿ ತರಬೇಕೆಂದು ನಾನೇ ಗುರಿ ಕೊಟ್ಟಿದ್ದೆ. ತಂದರು. ಚೀಟಿ ಅಂಟಿಸಿ, ನಂಬರು ಹಾಕಿ, ಚೆಂದವಾಗಿ ಕಟ್ಟಿ ತಂದರು.

ಡಿಸೆಂಬರ್ ಐದು ಮಣ್ಣು ದಿನಾಚರಣೆ. ಅಂದು ವೇದಿಕೆಯ ಮೇಲೆ ಗಣ್ಯರ ಕೈಯಿಂದ ರೈತರಿಗೆ ಮಣ್ಣಿನ ಆರೋಗ್ಯದ ಚೀಟಿ ಹಂಚಬೇಕಿತ್ತು, ಆದ್ದರಿಂದ ಎಲ್ಲ ಮಾದರಿಗಳ ಪರೀಕ್ಷೆ ನಾಲ್ಕನೇ ತಾರೀಕಿನೊಳಗೆ ಮುಗಿಯಬೇಕಿತ್ತು. ಪರೀಕ್ಷೆಯೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಒಣಗಿದ ಮಣ್ಣನ್ನು ಜರಡಿ ಹಿಡಿದು, ನೀರಿನಲ್ಲಿ ಕಲಕಿ, ಆ ನೀರಿನಲ್ಲಿ ವಿದ್ಯುತ್ತು ಎಷ್ಟು ಹರಿಯುತ್ತದೆ ಎಂದು ಅಳೆಯುತ್ತೇವೆ. ಅದನ್ನು ಇ.ಸಿ. ಎನ್ನುತ್ತಾರೆ. ಮಣ್ಣಿನಲ್ಲಿ ಕರಗುವ ಲವಣ ಹೆಚ್ಚಿದ್ದಷ್ಟೂ ಈ ಅಂಕಿ ಹೆಚ್ಚು. ಒಂದರೊಳಗಿದ್ದರೆ ಚಿಂತೆಯಿಲ್ಲ, ಮೂರು ದಾಟಿದರೆ ಬಹುತೇಕ ಬೆಳೆಗಳ ಕಥೆ ಮುಗಿಯಿತು. ನಮ್ಮ ಕಡೆ ಇಂಥ ಭೂಮಿಗೆ ಸವುಳು ಎನ್ನುತ್ತಾರೆ. ನೀರು ಹಾಯಿಸಿ ಹಾಯಿಸಿ ಸವುಳಾದ ಭೂಮಿ ಇಲ್ಲಿ ಬೇಕಾದಷ್ಟಿದೆ, ಹಾಗಾಗಿ ಆ ಮಾತು ಕೇಳಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಇ.ಸಿ. ಜೊತೆಗೆ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿವೆ ಎಂದೂ ನೋಡುತ್ತೇವೆ.

ನಾಲ್ಕನೇ ತಾರೀಕು ಮಧ್ಯಾಹ್ನ ನನ್ನ ಮೇಜಿನ ಮೇಲೆ ಚೀಟಿಗಳ ರಾಶಿ ಬಿತ್ತು. ಎಡಗೈಯಲ್ಲಿ ಫೋನು, ಪ್ಲೇಟಿನಲ್ಲಿ ಉಪ್ಪಿಟ್ಟು, ಬಲಗೈಯಲ್ಲಿ ಪೆನ್ನು. ಮರುದಿನ ಗಣ್ಯರಿಗೆ ಹೊದಿಸುವ ಶಾಲಿನ ಬಣ್ಣ ಯಾವುದಿರಬೇಕೆಂಬ ಚರ್ಚೆ ಫೋನಿನಲ್ಲಿ ನಡೆದಿತ್ತು. ಅರ್ಧ ಗಂಟೆಯಲ್ಲಿ ಅಷ್ಟಕ್ಕೂ ಸಹಿ ಒಗೆದೆ. ಮರುದಿನ ಗಣ್ಯರು ಒಂದೂವರೆ ತಾಸು ತಡವಾಗಿ ಬಂದರು, ಮಣ್ಣು ನಮ್ಮ ತಾಯಿ ಎಂದರು, ಶಾಲು ಹೊದ್ದರು, ಕೈ ತೊಳೆದು ಊಟಕ್ಕೆ ಕೂತರು. ಆ ಇಡೀ ದಿನ ಮಣ್ಣು ಮುಟ್ಟಿದವರು ಯಾರೂ ಇರಲಿಲ್ಲ.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನಲವತ್ತರ ಆಸುಪಾಸು, ಬೆರಳುಗಳೆಲ್ಲ ಅರಿಶಿಣ ಮೆತ್ತಿ ಹಳದಿಯಾಗಿದ್ದವು, ಕಂಕುಳಲ್ಲೊಂದು ಕೈಚೀಲ. ಹೆಸರು ನೀಲವ್ವ, ಊರು ಚಿಮ್ಮಡ. ಆಟೋ ಹಿಡಿದು ಬನಹಟ್ಟಿ, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದಳು. ನಮ್ಮದೇ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಸಾಹೇಬ್ರ, ನಮ್ಮ ಮಣ್ಣು ಸತ್ತೈತಿ ಅಂತ ಬರದವರು ನೀವ ಏನ್ರಿ?"

ಚೀಟಿ ನೋಡಿದೆ. ಇ.ಸಿ. 3.4. ಕೆಳಗೆ ಕಂಪ್ಯೂಟರ್ ತಾನಾಗಿಯೇ ಮುದ್ರಿಸುವ ಸಾಲು: ಸವುಳು ಮಣ್ಣು, ಬೇಸಾಯಕ್ಕೆ ಯೋಗ್ಯವಲ್ಲ. ಅದರ ಕೆಳಗೆ ನನ್ನ ಸಹಿ, ಬಾಲ ಎಳೆದು ಜೋರಾಗಿ ಹಾಕಿದ್ದು.

"ಸತ್ತೈತಿ ಅಂತ ಬರದಿಲ್ಲವ್ವಾ. ಉಪ್ಪು ಹೆಚ್ಚಾಗೈತಿ ಅಂತ ಬರದೇವಿ," ಎಂದೆ. ಆಮೇಲೆ ಅವಳಿಗೆ ಲವಣ, ವಿದ್ಯುತ್ತು, ಬಸಿಗಾಲುವೆ ಎಂದು ಹತ್ತು ನಿಮಿಷ ಪಾಠ ಹೇಳಿದೆ. ನಡುನಡುವೆ ಗಡಿಯಾರ ನೋಡಿಕೊಂಡೆ. ಅವಳು ಎಲ್ಲ ಕೇಳಿಸಿಕೊಂಡು ಕೈಚೀಲದಿಂದ ಒಂದು ಅರಿಶಿಣದ ಗಡ್ಡೆ ತೆಗೆದು ಚೀಟಿಯ ಮೇಲಿಟ್ಟಳು. ಅಂಗೈ ಅಗಲದ ಗಡ್ಡೆ, ಅದರ ಸುತ್ತ ದಪ್ಪ ಬೆರಳುಗಳು.

"ಹಂಗಾದ್ರ ಉಪ್ಪಿನ ಮಣ್ಣಾಗ ಇದು ಹೆಂಗ ಬಂತ್ರಿ? ನಿನ್ನಿ ತನಕಾ ಅದ ಹೊಲದಾಗ ಕಿತ್ತೇನಿ."

"ಮಶಿನ್ ಹೇಳಿದ್ದು ಸುಳ್ಳಾಗೂದಿಲ್ಲವ್ವಾ."

"ಮಶಿನ್ ಹೊಲಕ್ಕ ಬಂದಿತ್ತೇನ್ರಿ?"

ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಈಕೆ ಎದುರು ಮಾತಾಡುವುದೇ ಎನ್ನಿಸಿತು. ಅರಿಶಿಣ ಉಪ್ಪನ್ನು ಸ್ವಲ್ಪವೂ ತಡೆಯದ ಬೆಳೆ ಎಂದು ನಾನೇ ಪ್ರತಿ ವರ್ಷ ಬರೆಸುತ್ತಿದ್ದೆ. ಆ ಸಾಲು ಬಾಯಲ್ಲೇ ಇತ್ತು, ಗಡ್ಡೆ ಕಣ್ಣೆದುರೇ ಇತ್ತು, ಆದರೂ ಚೀಟಿ ತಪ್ಪಿರಬಹುದೆಂದು ನನ್ನ ಪಂಡಿತ ತಲೆಗೆ ಹೊಳೆಯಲಿಲ್ಲ. ಮುಂದಿನ ವಾರ ಬಾ ಎಂದುಬಿಟ್ಟೆ.

"ಮುಂದಿನ ವಾರ ಹೊಲಾನ ಇರೂದಿಲ್ರಿ," ಎಂದಳು.

ಆಗ ವಿಷಯ ಬಿಡಿಸಿ ಹೇಳಿದಳು. ಹಳ್ಳದ ದಂಡೆಯ ಮೂರು ಎಕರೆ ಹೊಲ ಅವಳ ಗಂಡನ ಅಣ್ಣ ಗಿರಿಮಲ್ಲಪ್ಪನ ಹೆಸರಿನಲ್ಲಿದೆ. ಅವರು ಜಮಖಂಡಿಯಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರು. ಗಂಡ ತೀರಿಕೊಂಡ ಹನ್ನೊಂದು ವರ್ಷದಿಂದ ಹೊಲ ಮಾಡುತ್ತಿರುವವಳು ಇವಳು. ಡಿಸೆಂಬರಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ವೇದಿಕೆಯ ಮೇಲೆ ಚೀಟಿ ತೆಗೆದುಕೊಂಡವರು ಭಾವ. ಬೇಸಾಯಕ್ಕೆ ಯೋಗ್ಯವಲ್ಲ ಎಂದು ಓದಿದ ಮೇಲೆ ಅವರು ಹೊಲದ ಮೇಲ್ಮಣ್ಣನ್ನು ಮೂರು ಅಡಿ ಆಳದವರೆಗೆ ಇಟ್ಟಂಗಿ ಭಟ್ಟಿಯವನಿಗೆ ಕೊಡಲು ಒಪ್ಪಿಕೊಂಡಿದ್ದರು. ಅರಿಶಿಣ ಕಿತ್ತು ಮುಗಿದಿದೆ, ಶುಕ್ರವಾರದ ಅಮಾವಾಸ್ಯೆ ಕಳೆದ ಮೇಲೆ ಜೆಸಿಬಿ ಬರುತ್ತದೆ.

"ಭಾವಾರು ಕೆಟ್ಟವರಲ್ರಿ. ಸಿಕ್ಕಾ ಹೊಡದ ಕಾಗದ ಅಂದ್ರ ಅವರಿಗೆ ದೇವರಿದ್ದಂಗ. ಮಣ್ಣು ಹೋತಂದ್ರ ನಾ ಮಂದಿ ಹೊಲಕ್ಕ ಕೂಲಿಗೆ ಹೋಗಬೇಕಾಕ್ಕೈತಿ," ಎಂದಳು. ಅಳಲಿಲ್ಲ. ಗಡ್ಡೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಗಡ್ಡೆಯ ವಾಸನೆ ಕೋಣೆಯಲ್ಲೆಲ್ಲ ತುಂಬಿಕೊಂಡಿತು. ನನಗೆ ಕೂರಲಾಗಲಿಲ್ಲ. ಚೀಟಿಯನ್ನು ಮೊದಲ ಬಾರಿಗೆ ಓದಿದೆ. ಹೌದು, ಸಹಿ ಹಾಕಿ ಎರಡು ತಿಂಗಳಾದ ಮೇಲೆ. ಪೊಟ್ಯಾಷ್ ಇರಬೇಕಾದ ಜಾಗದಲ್ಲಿ ಅಂಕಿ ಇರಲಿಲ್ಲ, ಹೆಚ್ಚು ಎಂಬ ಒಂದು ಪದವಿತ್ತು. ಪ್ರಯೋಗಾಲಯದ ಸಹಾಯಕನನ್ನು ಕರೆದು ಮೂಲ ದಾಖಲೆ ಪುಸ್ತಕ ತರಿಸಿದೆ. ಮಾದರಿ ತಂದವನ ಹೆಸರು ಸಂದೀಪ ಎಂದಿತ್ತು. ಪೊಟ್ಯಾಷ್ ಅಳೆಯುವ ಯಂತ್ರದಲ್ಲಿ ಆ ಮಾದರಿ ಅಳತೆಯ ತುದಿಯನ್ನೇ ದಾಟಿಹೋಗಿತ್ತು. ಹಾಗಾದಾಗ ದ್ರಾವಣಕ್ಕೆ ನೀರು ಬೆರೆಸಿ ತೆಳುಮಾಡಿ ಮತ್ತೆ ಅಳೆಯಬೇಕು. ಏಕೆ ಮಾಡಲಿಲ್ಲ ಎಂದೆ.

"ಕರಿ ಮಣ್ಣಾಗ ಪೊಟ್ಯಾಷ್ ಹೆಚ್ಚಽ ಇರ್ತೈತಲ್ರಿ ಸರ. ಅದಕ್ಕ ಹೆಚ್ಚು ಅಂತ ಬರದೆ. ಟೈಮ್ ಎಲ್ಲಿತ್ರಿ, ನೀವು ಶಾಲು ತರಾಕ ಕಳಿಸಿದ್ರಿ," ಎಂದ. ಶಾಲು ತರಲು ಕಳಿಸಿದ್ದು ನಿಜ. ಅಲ್ಲೇ ನಿಲ್ಲಿಸಿ ಮಾದರಿಯ ಉಳಿದ ಮಣ್ಣನ್ನು ತೆಳುಮಾಡಿ ಅಳೆಸಿದೆ. ನಮ್ಮ ಭಾಗದ ಕರಿಮಣ್ಣಿನಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಬಂತು. ಅಷ್ಟು ಪೊಟ್ಯಾಷ್ ಮಣ್ಣಿನದಾಗಿರಲು ಸಾಧ್ಯವೇ ಇಲ್ಲ. ಅದು ಗೊಬ್ಬರ. ಇ.ಸಿ.ಯನ್ನು ಏರಿಸಿದ ಉಪ್ಪು ಹೊಲದ್ದಲ್ಲ, ಎಲ್ಲೋ ನಡುವೆ ಸೇರಿಕೊಂಡದ್ದು.

ಮಂಗಳವಾರ ಬೆಳಿಗ್ಗೆ ಕಾಲೇಜಿನ ಬಸ್ಸಿನಲ್ಲಿ ಅಂತಿಮ ವರ್ಷದ ನಲವತ್ತು ಮಂದಿಯನ್ನೂ ತುಂಬಿಕೊಂಡು ಚಿಮ್ಮಡಕ್ಕೆ ಹೋದೆ. ನೀಲವ್ವನ ಅಂಗಳದಲ್ಲಿ ಸಂದೀಪನನ್ನು ನಿಲ್ಲಿಸಿ, ಅಂದು ಏನು ಮಾಡಿದಿರಿ, ಮೊದಲಿನಿಂದ ಮಾಡಿ ತೋರಿಸು ಎಂದೆ. ಹೊಲದಲ್ಲಿ ಸರಿಯಾಗಿಯೇ ಮಾಡಿದ್ದ. ಅಂಕುಡೊಂಕಾಗಿ ನಡೆದು ಹತ್ತು ಕಡೆ ಗೇಣುದ್ದ ಅಗೆದು ಮಣ್ಣು ತೆಗೆದಿದ್ದ. ಮಣ್ಣು ಹಸಿಯಿತ್ತು, ಆದ್ದರಿಂದ ಅಂಗಳಕ್ಕೆ ತಂದು ಎರಡು ದಿನ ನೆರಳಲ್ಲಿ ಒಣಗಿಸಿದ್ದ.

"ಯಾವುದರ ಮ್ಯಾಲೆ ಒಣಗಿಸಿದಿ?" ಎಂದೆ.

ಅವನಿಗಿಂತ ಮೊದಲೇ ನೀಲವ್ವ ಹೇಳಿದಳು.

"ಹಾಸಾಕ ಏನರ ಕೊಡ್ರಿ ಅಂದ್ರು. ನಮ್ಮನ್ಯಾಗ ತೊಳದಿಟ್ಟ ಹಳೀ ಚೀಲ ರಗಡ ಇದ್ದೂರಿ. ಕಾಲೇಜಿನ ಮಕ್ಕಳಿಗೆ ಹಳೀದ ಹೆಂಗ ಕೊಡ್ಲಿ ಅಂತ ಅವತ್ತ ಮುಂಜಾನೆ ಖಾಲಿ ಆಗಿದ್ದ ಹೊಸಾ ಚೀಲ ಕೊಟ್ಟೆ."

ಈ ಸೀಮೆಯ ಮನೆಗಳನ್ನು ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ಕಾಣಲಾರದು. ಗೊಬ್ಬರದ ಖಾಲಿ ಚೀಲ ಇಲ್ಲಿ ಮಳೆಗೆ ಕೊಪ್ಪೆ, ಕಾಳಿಗೆ ಹಾಸು, ಬಂದವರಿಗೆ ಕೂರಲು ಚಾಪೆ. ಬೇಕಾದವರು ಬಂದರೆ ಹಳೆಯದನ್ನು ಒಳಗೆ ಸರಿಸಿ ಹೊಸದನ್ನು ಹಾಸುವುದು ಮರ್ಯಾದೆ. ಮೂರು ಸಲ ತೊಳೆದ ಹಳೆಯ ಚೀಲ ಹಾಸಿದ್ದರೆ ಏನೂ ಆಗುತ್ತಿರಲಿಲ್ಲ. ನಮ್ಮವರಿಗೆ ಮರ್ಯಾದೆ ಕೊಡಲು ಹೋಗಿ ಅವಳು ಹೊಲ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಳು. ಆ ಚೀಲ ಇನ್ನೂ ಮನೆಯಲ್ಲೇ ಇತ್ತು, ಜೋಳ ತುಂಬಲು ಆಮೇಲೆ ತೊಳೆದಿದ್ದಳು. ಮೇಲೆ ಅಂಗೈಯಗಲ ಅಕ್ಷರದಲ್ಲಿ ಪೊಟ್ಯಾಷ್ ಎಂದು ಬರೆದಿತ್ತು. ಹೊಲಿಗೆಯ ಮೂಲೆಯಲ್ಲಿ ಕೆಂಪು ಹರಳುಗಳು ತೊಳೆದ ಮೇಲೂ ಅಂಟಿಕೊಂಡಿದ್ದವು.

"ಗೊಬ್ಬರದ ಚೀಲದಾಗ ಒಣಗಸಬಾರದು ಅಂತ ಬರದಿದ್ದಿಲ್ಲೋ ನೀನು? ಹತ್ತಕ್ಕ ಹತ್ತು ತಗೊಂಡಿದ್ದಿಲ್ಲ?" ಎಂದು ಕೂಗಿದೆ.

"ಬರದಿದ್ದೆ ಸರ. ಅದು ಪರೀಕ್ಷಾದಾಗ," ಎಂದ ಸಂದೀಪ, ತಲೆ ತಗ್ಗಿಸಿಕೊಂಡು.

ನನಗೆ ಅವನ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಹುಡುಗ ಸುಳ್ಳು ಹೇಳಲಿಲ್ಲ. ಪರೀಕ್ಷೆಯ ಮಣ್ಣು ಬೇರೆ, ಹೊಲದ ಮಣ್ಣು ಬೇರೆ ಎಂದು ನಾಲ್ಕು ವರ್ಷ ಅವನಿಗೆ ಕಲಿಸಿದವನು ನಾನೇ. ಆ ಎಚ್ಚರಿಕೆಗಳನ್ನು ನಾನು ಬೋರ್ಡಿನ ಮೇಲೆ ಬರೆದಿದ್ದೆನೇ ಹೊರತು ಒಂದು ದಿನವೂ ಕೈಗೆ ಗುದ್ದಲಿ ಕೊಟ್ಟಿರಲಿಲ್ಲ. ಜೊತೆಗೆ ತೋರಿಸಿದ ಸ್ಲೈಡು ಕೂಡ ಬೇರೆ ಯಾರೋ ಮಾಡಿದ್ದು.

ಅಂದು ಮತ್ತೆ ಮಾದರಿ ತೆಗೆದೆವು. ನಾನೂ ಪ್ಯಾಂಟು ಮಡಚಿ ಹೊಲಕ್ಕಿಳಿದೆ. ನೀಲವ್ವ ಒಳಗಿನಿಂದ ತೊಳೆದ ಬಿಳಿಯ ಧೋತರ ತಂದು ಕೊಟ್ಟಳು, ಅವಳ ಗಂಡನದು. ಅದರ ಮೇಲೆ ಮಣ್ಣು ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು, ಉಳಿದದ್ದನ್ನು ಮತ್ತೆ ಬೆರೆಸಿ, ಅರ್ಧ ಕಿಲೋ ಉಳಿಯುವವರೆಗೆ ಹಾಗೆಯೇ ಮಾಡಿದೆವು. ಎರಡು ದಿನ ಒಣಗಿಸಿ ಗುರುವಾರ ಬೆಳಿಗ್ಗೆ ನಾನೇ ಕೂತು ಅಳೆದೆ. ಇ.ಸಿ. 0.4. ಮೂರು ಸಲ ಅಳೆದೆ, ಅಷ್ಟೇ. ಹಾಗೆ ನೋಡಿದರೆ ನನ್ನ ಊರಿನ ಹೊಲಕ್ಕಿಂತ ಒಳ್ಳೆಯ ಮಣ್ಣು.

ಹೊಸ ವರದಿಗೆ ಸಹಿ ಹಾಕಿ, ಅದೇ ನಲವತ್ತು ಮಂದಿಯೊಂದಿಗೆ ಚಿಮ್ಮಡ ತಲುಪುವಾಗ ಮಧ್ಯಾಹ್ನ. ದೂರದಿಂದಲೇ ಜೆಸಿಬಿಯ ಸದ್ದು ಕೇಳಿತು. ಅಮಾವಾಸ್ಯೆ ಕಳೆಯಲಿ ಎಂಬ ಮಾತನ್ನು ಭಟ್ಟಿಯವನು ಲೆಕ್ಕಕ್ಕೇ ಇಟ್ಟಿರಲಿಲ್ಲ, ಅದರ ಹಿಂದಿನ ದಿನವೇ ಯಂತ್ರ ಇಳಿಸಿದ್ದ. ರಸ್ತೆಯ ಬದಿಯ ಹತ್ತು ಗುಂಟೆ ಆಗಲೇ ಮೂರಡಿ ಕೆಳಗೆ ಹೋಗಿತ್ತು. ನೀಲವ್ವ ಉಳಿದ ಹೊಲದ ಅಂಚಿನಲ್ಲಿ ಯಂತ್ರದ ಎದುರು ಕುಕ್ಕರುಗಾಲಲ್ಲಿ ಕೂತಿದ್ದಳು. ಡ್ರೈವರ್ ಯಂತ್ರ ನಿಲ್ಲಿಸದೆ ಬೀಡಿ ಹಚ್ಚಿಕೊಂಡಿದ್ದ. ಬದುವಿನ ಮೇಲೆ ಛತ್ರಿ ಹಿಡಿದು ಗಿರಿಮಲ್ಲಪ್ಪ ನಿಂತಿದ್ದರು.

ನಾನು ಹೊಸ ವರದಿ ಕೊಟ್ಟು, ಹೊಲ ಸವುಳಲ್ಲ, ಯಂತ್ರ ನಿಲ್ಲಿಸಿ ಎಂದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು. ನನಗಿಂತ ಒಳ್ಳೆಯವರು. ಆಮೇಲೆ ಜೇಬಿನಿಂದ ಹಳೆಯ ಚೀಟಿಯನ್ನು ತೆಗೆದು ಎರಡನ್ನೂ ಅಕ್ಕಪಕ್ಕ ಹಿಡಿದರು.

"ಎರಡರ ಮ್ಯಾಲೂ ನಿಮ್ಮದಽ ಸಹಿ ಐತ್ರಿ ಸರ. ಒಂದರಾಗ ಹೊಲ ಸತ್ತೈತಿ, ಒಂದರಾಗ ಬದುಕೈತಿ. ಯಾವುದು ಖರೆ ಅಂತ ನಂಬ್ಲಿ?"

ಯಂತ್ರ ದೋಷ ಎನ್ನಬಹುದಿತ್ತು. ವಿದ್ಯಾರ್ಥಿಗಳ ತಪ್ಪು ಎನ್ನಬಹುದಿತ್ತು, ತಪ್ಪು ಮಾಡಿದವನು ಎದುರಿಗೇ ನಿಂತಿದ್ದ. ಎರಡೂ ನಾಲಿಗೆಯ ತುದಿಗೆ ಬಂದಿದ್ದವು.

"ಹಳೇದು ತಪ್ಪೈತ್ರಿ. ಓದಲಾರದ ಸಹಿ ಮಾಡೇನಿ," ಎಂದೆ.

"ಬಾಯಿ ಮಾತು ನಡಿಯೂದಿಲ್ರಿ. ಬರದು ಕೊಡ್ರಿ."

ಹಳೆಯ ಚೀಟಿಯ ಹಿಂಬದಿಗೆ ಬರೆದೆ: ಈ ವರದಿ ತಪ್ಪು. ಇದನ್ನು ನಾನು ಓದದೆ ಸಹಿ ಮಾಡಿದ್ದೇನೆ. ತಾರೀಕು ಹಾಕಿ, ಸಹಿ ಮಾಡಿ ಕೊಟ್ಟೆ. ಗಿರಿಮಲ್ಲಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಿಕ್ಕಾ?" ಎಂದರು. ಮೊಹರು ಕಾಲೇಜಿನ ಮೇಜಿನ ಖಾನೆಯಲ್ಲಿತ್ತು. ತಂದು ಹೊಡೆಯುವಷ್ಟರಲ್ಲಿ ಇನ್ನೂ ಐದು ಗುಂಟೆ ಹೋಗುತ್ತಿತ್ತು.

ನೀಲವ್ವ ಕೂತಲ್ಲಿಂದಲೇ ಕೂಗಿದಳು.

"ಸಿಕ್ಕಾ ಇಲ್ಲಂದ್ರ ಹೆಬ್ಬಟ್ಟು ಒತ್ತಲಿ ಬಿಡ್ರಿ ಭಾವಾರ! ಓದಲಾರದ ಸಹಿ ಮಾಡಿದ ಮ್ಯಾಲೆ ಸಹಿಗೂ ಹೆಬ್ಬಟ್ಟಿಗೂ ಏನ ಫರಕ?"

ಡ್ರೈವರ್ ಕಿಸಕ್ಕನೆ ನಕ್ಕ. ನಲವತ್ತು ವಿದ್ಯಾರ್ಥಿಗಳು ನಗಲಿಲ್ಲ. ನಾನು ಬಗ್ಗಿ, ಜೆಸಿಬಿ ಅಗೆದ ಜಾಗದ ಹಸಿಮಣ್ಣಿನಲ್ಲಿ ಹೆಬ್ಬೆರಳು ಅದ್ದಿ, ಡಾಕ್ಟರೇಟ್ ಸಮೇತ ಬರೆದುಕೊಂಡ ನನ್ನ ಹೆಸರಿನ ಮೇಲೆ ಒತ್ತಿದೆ. ಗಿರಿಮಲ್ಲಪ್ಪ ಅದು ಆರುವವರೆಗೆ ಚೀಟಿಯನ್ನು ಗಾಳಿಯಲ್ಲಿ ಹಿಡಿದು, ಮಡಚಿ ಜೇಬಿನಲ್ಲಿಟ್ಟುಕೊಂಡು, ಡ್ರೈವರನಿಗೆ ಕೈ ಅಡ್ಡ ಆಡಿಸಿದರು. ಯಂತ್ರ ನಿಂತಿತು.

ಹೋದ ಹತ್ತು ಗುಂಟೆ ಬರಲಿಲ್ಲ, ಬರುವುದೂ ಇಲ್ಲ. ಅಲ್ಲಿ ಈಗಲೂ ಬೆಳೆ ಮೊಣಕಾಲು ದಾಟುವುದಿಲ್ಲ. ಮೂರಡಿ ಮಣ್ಣು ಆಗಲು ಸಾವಿರಾರು ವರ್ಷ ಬೇಕು ಎಂಬ ಸಾಲನ್ನೂ ನಾನು ಪ್ರತಿ ವರ್ಷ ಬರೆಸುತ್ತಿದ್ದೆ. ಅದು ಹೋಗಲು ಒಂದು ಬೆಳಗು ಸಾಕು ಎಂಬುದನ್ನು ಬರೆಸಿರಲಿಲ್ಲ. ಸಂದೀಪನಿಗೆ ಚಿನ್ನದ ಪದಕ ಬಂತು, ನಿಯಮದ ಪ್ರಕಾರ ಬರಲೇಬೇಕಿತ್ತು. ನಾನು ಚಪ್ಪಾಳೆ ತಟ್ಟಲಿಲ್ಲ, ತಟ್ಟದಿರುವ ಯೋಗ್ಯತೆಯೂ ನನಗಿರಲಿಲ್ಲ.

ಕಾಲೇಜಿನಲ್ಲಿ ಇದರ ಬಗ್ಗೆ ಸಭೆ ಸೇರಿದರು. ಇನ್ನು ಮುಂದೆ ಪ್ರತಿ ವರದಿಗೂ ಒಬ್ಬರ ಬದಲು ಇಬ್ಬರು ಸಹಿ ಹಾಕಬೇಕೆಂದು ನಿರ್ಣಯ ಮಾಡಿದರು. ಓದಬೇಕೆಂದು ಯಾರೂ ಹೇಳಲಿಲ್ಲ. ಉಳಿದ ಎರಡು ವರ್ಷ ನಾನು ಮೊದಲ ವರ್ಷದವರ ಮೊದಲ ಪಾಠವನ್ನು ಬೋರ್ಡಿನ ಮುಂದೆ ಮಾಡಲಿಲ್ಲ. ಅವರನ್ನು ಚಿಮ್ಮಡದ ಆ ತಗ್ಗಿನಲ್ಲಿ ಇಳಿಸಿ, ಅಂಚಿನ ಗೋಡೆಯಲ್ಲಿ ಮಣ್ಣಿನ ಪದರಗಳನ್ನು ತೋರಿಸಿ, ಮೇಲಿನ ಪದರ ಇಲ್ಲದ ಜಾಗದಲ್ಲಿ ನಿಂತಿರುವುದು ಏಕೆಂದು ಹೇಳುತ್ತಿದ್ದೆ. ಯಾರ ಸಹಿಯಿಂದ ಎಂಬುದನ್ನೂ ಬಿಡುತ್ತಿರಲಿಲ್ಲ. ಮೂವತ್ತು ವರ್ಷದ ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ: ಮಣ್ಣನ್ನು ಪರೀಕ್ಷಿಸುವ ಮೊದಲು ಅದನ್ನು ತಂದ ಕೈಯನ್ನು, ಸಹಿ ಹಾಕುವ ಕೈಯನ್ನು ಪರೀಕ್ಷಿಸಬೇಕು. ಇಷ್ಟು ಕಲಿಯಲು ಮೂವತ್ತು ವರ್ಷ ಬೇಕಾದವನನ್ನು ದಡ್ಡ ಎನ್ನದೆ ಪ್ರಾಧ್ಯಾಪಕ ಎಂದು ಕರೆದರು.

ಆ ಎರಡು ವರ್ಷವೂ ಬಸ್ಸು ಅಂಗಳದ ಮುಂದೆ ನಿಲ್ಲುತ್ತಲೇ ನೀಲವ್ವ ನಮಗೆ ನೀರು ಕೊಡುವ ಮೊದಲು ಒಳಗೆ ಮುಖ ಮಾಡಿ ಒಂದು ಮಾತು ಕೂಗುತ್ತಿದ್ದಳು. ನಗುತ್ತಲೇ ಕೂಗುತ್ತಿದ್ದಳು, ಆದರೆ ನನಗೆ ಕೇಳಿಸುವಷ್ಟು ಜೋರಾಗಿ.

"ಚೀಲೆಲ್ಲಾ ಒಳಗ ತಗೀರೇ, ಓದಿದವರು ಬಂದಾರ!"